ಮುಖದ ಲಕ್ವಕ್ಕೆ ಕರೆಂಟು, ಬಲೂನು ಎನ್ನುವ ಕೇಂದ್ರಗಳ ಬಗ್ಗೆ ಎಚ್ಚರವಿರಲಿ

ನನ್ನ ತಂಗಿಗೆ ಬೆಲ್ಸ್ ಪಾಲ್ಸಿಯಾಗಿ, ಅಂದರೆ ಮುಖದ ಒಂದು ಬದಿಯ ನರ ಇದ್ದಕ್ಕಿದ್ದಂತೆ ಸೋತು, ಬಾಯಿ ಒಂದು ಬದಿಗೆ ಸೊಟ್ಟಗಾದಾಗ ವೈದ್ಯರು 72 ಗಂಟೆಗಳೊಳಗೆ ಸ್ಟೀರಾಯ್ಡ್ ಮಾತ್ರೆ ಆರಂಭಿಸಿದ್ದರು. ಮುಚ್ಚಲಾಗದ ಕಣ್ಣಿಗೆ ಹಗಲು ಹನಿ ಔಷಧ ಹಾಕುವುದನ್ನೂ ರಾತ್ರಿ ಮುಲಾಮು ಹಚ್ಚಿ ಟೇಪು ಅಂಟಿಸುವುದನ್ನೂ ಹೇಳಿಕೊಟ್ಟಿದ್ದರು. ತೊಂದರೆ ಶುರುವಾದದ್ದು ಆಮೇಲೆ, ನಮ್ಮೂರಿನ ಒಂದು ಫಿಸಿಯೋಥೆರಪಿ ಕೇಂದ್ರದಲ್ಲಿ.

ಅಲ್ಲಿ ಮುಖದ ಯಾವ ಭಾಗ ಎಷ್ಟು ಅಲುಗಾಡುತ್ತಿದೆ ಎಂದು ಪರೀಕ್ಷಿಸಿ ಬರೆದಿಟ್ಟುಕೊಳ್ಳುವ ಮೊದಲೇ ಇಡೀ ಕೋರ್ಸಿನ ಹಣ ಕಟ್ಟಿಸಿಕೊಂಡು, ಪೆನ್ನಿನಂಥ ಸಲಕರಣೆಯಿಂದ ಹುಬ್ಬು, ಕೆನ್ನೆ, ತುಟಿಯಂಚುಗಳಿಗೆ ಕರೆಂಟು ಕೊಡತೊಡಗಿದರು. ಮನೆಯಲ್ಲಿ ಬಲೂನು ಊದಬೇಕು, ಚ್ಯೂಯಿಂಗ್ ಗಮ್ ಅಗಿಯಬೇಕು, ಕಣ್ಣನ್ನು ಬಿಗಿಯಾಗಿ ಮುಚ್ಚಬೇಕು, ಹೆಚ್ಚು ಮಾಡಿದಷ್ಟೂ ಬೇಗ ಗುಣವಾಗುತ್ತದೆ ಎಂದರು. ಅಗಿಯುವ ಸ್ನಾಯುಗಳನ್ನು ನಡೆಸುವುದೇ ಬೇರೆ ನರ. ಮುಖದ ನರ ಸೋತಾಗ ಗಮ್ ಅಗಿದು ಏನು ಪ್ರಯೋಜನ?

ಕೆಲವು ತಿಂಗಳಲ್ಲಿ ಚಲನೆ ಮರಳಿತು, ಆದರೆ ಅವಳು ನಕ್ಕರೆ ಆ ಬದಿಯ ಕಣ್ಣು ತಾನಾಗಿ ಕಿರಿದಾಗುತ್ತಿತ್ತು, ಕಣ್ಣು ಮುಚ್ಚಿದರೆ ತುಟಿಯಂಚು ಮೇಲೇಳುತ್ತಿತ್ತು. ಮತ್ತೆ ಬೆಳೆಯುವ ನರದ ಎಳೆಗಳು ದಾರಿ ತಪ್ಪಿ ಬೇರೆ ಸ್ನಾಯುವನ್ನು ಸೇರಿದಾಗ ಆಗುವ ಇದಕ್ಕೆ ಸಿನ್‌ಕೈನೆಸಿಸ್ ಎನ್ನುತ್ತಾರೆ. ಇಂಥ ಚಿಕಿತ್ಸೆ ಪಡೆಯದವರಲ್ಲೂ ಅದು ಬರಬಹುದಾದ್ದರಿಂದ ಕರೆಂಟಿನಿಂದಲೇ ಬಂತು ಎಂದು ನಾನು ಹೇಳುವುದಿಲ್ಲ. ನನ್ನ ಆಕ್ಷೇಪವಿರುವುದು, ಈ ಲಕ್ಷಣವನ್ನು ತೋರಿಸಿದಾಗಲೂ ಅವರು ಅದನ್ನು ಗುರುತಿಸದೆ, ಇನ್ನೂ ಜೋರಾಗಿ ನಗಿಸಿ, ಕರೆಂಟನ್ನು ಹೆಚ್ಚಿಸಿದ್ದಕ್ಕೆ. ಇಡೀ ಮುಖವನ್ನು ಒಟ್ಟಿಗೆ ಬಲವಾಗಿ ಹಿಂಡಿದಷ್ಟೂ ಆ ತಪ್ಪು ಜೋಡಣೆಯೇ ರೂಢಿಯಾಗುತ್ತದೆ.

ಈಗ ಬೇರೊಬ್ಬ ಥೆರಪಿಸ್ಟ್ ಅವಳನ್ನು ಕನ್ನಡಿಯ ಮುಂದೆ ಕೂರಿಸಿ, ತುಟಿಯಂಚನ್ನು ಸ್ವಲ್ಪವೇ, ನಿಧಾನವಾಗಿ ಎತ್ತಿಸಿ, ಕಣ್ಣು ಕಿರಿದಾಗುವ ಸುಳಿವು ಕಂಡೊಡನೆ ನಿಲ್ಲಿಸುತ್ತಾರೆ. ಬಿಗಿದ ಕೆನ್ನೆಯನ್ನು ಬೆರಳಿನಿಂದ ಮೃದುವಾಗಿ ಸಡಿಲಿಸುವುದನ್ನೂ ಕಲಿಸಿದ್ದಾರೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2011ರ ವಿಮರ್ಶೆಯೂ ವಿದ್ಯುತ್ ಪ್ರಚೋದನೆಯಿಂದ ಲಾಭವಿದೆಯೆಂಬುದಕ್ಕೆ ಗಟ್ಟಿ ಪುರಾವೆ ಕಾಣಲಿಲ್ಲ; ರೋಗಿಗೆ ತಕ್ಕಂತೆ ರೂಪಿಸಿದ ವ್ಯಾಯಾಮದ ಪರವಾಗಿ ಮಾತ್ರ, ಅದೂ ದುರ್ಬಲವಾದ, ಒಂದಿಷ್ಟು ಆಧಾರ ಕಂಡಿತು.

ಆದ್ದರಿಂದ ಹಣ ಕಟ್ಟುವ ಮೊದಲು ಸಿನ್‌ಕೈನೆಸಿಸ್ ಬಂದರೆ ಏನು ಮಾಡುತ್ತೀರಿ ಎಂದು ಕೇಳಿ. ಉತ್ತರ ಬಾರದಿದ್ದರೆ ಎದ್ದು ಬನ್ನಿ. ಮೂರು ತಿಂಗಳಾದರೂ ಮುಖ ಪೂರ್ತಿ ಚೇತರಿಸದಿದ್ದರೆ ಥೆರಪಿಯೊಂದನ್ನೇ ನೆಚ್ಚಿಕೊಳ್ಳದೆ ನರರೋಗ ತಜ್ಞರನ್ನೋ ಕಿವಿ-ಮೂಗು-ಗಂಟಲು ತಜ್ಞರನ್ನೋ ಮತ್ತೆ ಕಾಣಲೇಬೇಕು.