ಪೀಣ್ಯದ ಶೆಡ್ಡಿನಲ್ಲಿ ಮಾಡಿಸಿದ ಟೂಲ್ ಬಾಕ್ಸ್, ಎಂಟು ತಿಂಗಳ ಮೇಲೆ

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕಿನಲ್ಲಿ ಟೂರಿಗೆ ಹೊರಟರೆ ಸ್ಪ್ಯಾನರ್, ಟೈರ್ ಲಿವರ್, ಪಂಪು, ಸ್ಪೇರ್ ಟ್ಯೂಬು ಬೇಕೇ ಬೇಕು, ಯಾಕಂದ್ರೆ ಕಡ್ಡಿ ಚಕ್ರ, ಒಳಗೆ ಟ್ಯೂಬು. ಈ ಡಬ್ಬಿ ಮಾಡಿಸುವ ಮೊದಲು ಎಲ್ಲವನ್ನೂ ಬಟ್ಟೆ ಬ್ಯಾಗಿನ ತಳಕ್ಕೆ ತುರುಕುತ್ತಿದ್ದೆ. ಪಂಕ್ಚರ್ ಆದರೆ ರಸ್ತೆ ಬದಿಯಲ್ಲಿ ಇಡೀ ಬ್ಯಾಗು ಖಾಲಿ ಮಾಡಬೇಕು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಸುತ್ತಿದೆ. ರೆಡಿಮೇಡ್ ಡಬ್ಬಿ ಇದ್ದವು, ನನಗೆ ಬೇಕಾದ ಜಾಗದಲ್ಲಿ ಯಾವುದೂ ಕೂರಲಿಲ್ಲ. ಕೊನೆಗೆ ಪೀಣ್ಯದ ಹಿಂದಿನ ಗಲ್ಲಿಯ ಒಂದು ಶೀಟ್ ಮೆಟಲ್ ಶೆಡ್ಡಿಗೆ ಹೋದೆ. ಬೋರ್ಡಿಲ್ಲ. ಮೂರು ಜನ, ಒಂದು ಬೆಂಡಿಂಗ್ ಮಿಷಿನ್, ಒಂದು ಟಿಗ್ ವೆಲ್ಡಿಂಗ್ ಸೆಟ್ಟು, ಅಷ್ಟೇ.

ನನಗೆ ತುಂಬಾ ಹಿಡಿಸಿದ್ದು ಅವರು ಶುರು ಮಾಡಿದ ರೀತಿ. ರೇಟು ಹೇಳುವ ಮೊದಲೇ ಮೇಸ್ತ್ರಿ ರಟ್ಟು ಕತ್ತರಿಸಿ ಡಬ್ಬಿ ಮಾಡಿ, ಟೇಪು ಸುತ್ತಿ, ಪ್ಯಾನಿಯರ್ (ಹಿಂಬದಿಯ ಎರಡೂ ಪಕ್ಕಕ್ಕೆ ಕಟ್ಟುವ ಬ್ಯಾಗು) ಫ್ರೇಮಿನ ಒಳಗೆ ಎಡಗಡೆ ಇಟ್ಟು ನೋಡಿದರು. ಸೈಲೆನ್ಸರ್ ಬಲಗಡೆ ಇರುವುದರಿಂದ ಅಲ್ಲಿ ಜಾಗ ಖಾಲಿ. ಆಮೇಲೆ ಹುಡುಗರಿಬ್ಬರನ್ನು ಸೀಟಿನ ಮೇಲೆ ಕೂರಿಸಿ ಕುಕ್ಕಿಸಿದರು. ಹಿಂದಿನ ಚಕ್ರ 180 ಮಿ.ಮೀ. ಮೇಲೆ ಕೆಳಗೆ ಆಡುತ್ತದೆ, ಹಳ್ಳಕ್ಕೆ ಇಳಿದಾಗ ಟೈರು ಡಬ್ಬಿಗೆ ಉಜ್ಜಿದರೆ ಗತಿ ಏನು? ರಟ್ಟಿನ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿ, "ಇಲ್ಲಿ ಚೈನ್ ಬಡಿಯುತ್ತೆ ಸಾರ್" ಅಂದರು. ನನಗೆ ಅದು ಹೊಳೆದೇ ಇರಲಿಲ್ಲ.

ಶೀಟು 2 ಮಿ.ಮೀ. ದಪ್ಪದ 5052 ಗ್ರೇಡಿನ ಅಲ್ಯೂಮಿನಿಯಂ. 6061 ಗ್ರೇಡು ಜಾಸ್ತಿ ಗಟ್ಟಿ ಅಂತ ನಾನು ಅದನ್ನೇ ಕೇಳಿದ್ದೆ. ಅವರು ಸುಮ್ನೆ 6061ರ ಒಂದು ಟಿ6 (ಶಾಖ ಕೊಟ್ಟು ಗಟ್ಟಿ ಮಾಡಿದ) ತುಂಡನ್ನು ಮಿಷಿನ್ನಿಗೆ ಕೊಟ್ಟು ಬಗ್ಗಿಸಿ ಕೈಗಿಟ್ಟರು. ಮಡಿಕೆಯ ಹೊರಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು! 5052 ಮಾತ್ರ ಚೆನ್ನಾಗಿ ಬಗ್ಗಿತು. ಡಬ್ಬಿ 32×22×9 ಸೆಂ.ಮೀ., ಚಿಲಕ, ಹಿಂಜ್ ಸೇರಿ ಒಂದೂವರೆ ಕೆಜಿ ಚಿಲ್ಲರೆ. ಇದೇ ದಪ್ಪದ ಕಬ್ಬಿಣವಾಗಿದ್ದರೆ ಬರೀ ಡಬ್ಬಿಯೇ ಮೂರೂವರೆ ಕೆಜಿ ದಾಟುತ್ತಿತ್ತು. ನನಗೆ ಆಗಿದ್ದು 4,200 ರೂಪಾಯಿ, ಕಪ್ಪು ಪೌಡರ್ ಕೋಟಿಂಗ್ ಸೇರಿ.

ತೊಂದರೆ ಆಗಿದ್ದು ಮುಚ್ಚಳದಲ್ಲಿ. ಚಪ್ಪಟೆ ಮುಚ್ಚಳ, ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದ್ದರು. ಬಿಸಿಲೆ ಘಾಟಿಯಲ್ಲಿ ಒಂದೇ ಮಳೆಗೆ ಚಕ್ರ ಎರಚಿದ ನೀರೆಲ್ಲ ಸಂದಿಯಿಂದ ಒಳಗೆ. ಸುಬ್ರಹ್ಮಣ್ಯದಲ್ಲಿ ತೆಗೆದು ನೋಡಿದರೆ ಸ್ಪ್ಯಾನರ್‌ಗಳು ಕೆಸರು ನೀರಿನಲ್ಲಿ ಮುಳುಗಿವೆ. ನಿಜಕ್ಕೂ ಬೇಜಾರಾಯಿತು. ವಾಪಸ್ ಕೊಟ್ಟೆ. ಸುತ್ತಲೂ 12 ಮಿ.ಮೀ. ಅಂಚು ಕೆಳಕ್ಕೆ ಮಡಿಸಿ ಹೊಸ ಮುಚ್ಚಳ ಮಾಡಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ಆದರೆ ಮೂರು ವಾರ ಹಿಡಿಯಿತು, ಅಷ್ಟರಲ್ಲಿ ಫೋನ್ ಎತ್ತಿದ್ದು ಎರಡೇ ಸಲ. ಆಮೇಲೆ ಒಂದು ಹನಿ ನೀರೂ ಬಂದಿಲ್ಲ.

ವೆಲ್ಡಿಂಗ್ ಬಗ್ಗೆ ಒಂದು ಮಾತೂ ಆಡುವ ಹಾಗಿಲ್ಲ. ಎಂಟು ತಿಂಗಳಲ್ಲಿ ಒಂದು ಜಾಯಿಂಟೂ ಬಿಟ್ಟಿಲ್ಲ, ನೈಲಾಕ್ ನಟ್ಟುಗಳೂ (ಸಡಿಲಾಗದಂತೆ ಒಳಗೆ ನೈಲಾನ್ ಉಂಗುರ ಇರುವ ನಟ್ಟು) ಸಡಿಲಾಗಿಲ್ಲ. ಒಳಗಿನ ಗಡಗಡ ಸದ್ದಿಗೆ ಹಳೆಯ ಯೋಗಾ ಮ್ಯಾಟ್ ಕತ್ತರಿಸಿ ನಾನೇ ಹಾಸಿಕೊಂಡೆ.

ನೀವೂ ಮಾಡಿಸುವುದಾದರೆ ಅಳತೆ ಬರೆದುಕೊಂಡು ಹೋಗಬೇಡಿ, ಗಾಡಿಯನ್ನೇ ತೆಗೆದುಕೊಂಡು ಹೋಗಿ, ಪ್ಯಾನಿಯರ್ ಕಟ್ಟಿಕೊಂಡೇ ಹೋಗಿ. ಮುಚ್ಚಳದ ಅಂಚು ಮಡಿಸಿ ಕೊಡಿ ಅಂತ ಮೊದಲೇ ಹೇಳಿ.