ಟೇಕ್ ಆಫ್: ಪಟ್ಟಿ ಉರು ಹೊಡೆಯೋದಾ, ವಾಕ್ಯ ಹಿಡಿಯೋದಾ?

ವಿಮಾನ ಮೇಲೇರಿದರೂ ‘ಟೇಕ್ ಆಫ್’, ಶೂ ಬಿಚ್ಚಿದರೂ ‘ಟೇಕ್ ಆಫ್’. ವ್ಯಾಪಾರ ಇದ್ದಕ್ಕಿದ್ದಂತೆ ಕುದುರಿದರೂ ಅದೇ. ಇಂಗ್ಲಿಷಿನ ಇಂಥ ಜೋಡಿಪದಗಳನ್ನು ಕಲಿಯೋದು ಹೇಗೆ?

ಟೇಕ್ ಆಫ್, ಟೇಕ್ ಓವರ್, ಟೇಕ್ ಇನ್ ಅಂತ ಪಟ್ಟಿ ಉರು ಹೊಡೆಯಬಹುದು. ನಾಳೆಯೇ ಪರೀಕ್ಷೆ ಇದ್ದರೆ ಅಷ್ಟು ಸಾಕು. ಆಮೇಲೆ ಎಲ್ಲ ಕಲಸುಮೇಲೋಗರ. ನನಗಂತೂ ಹಾಗೇ ಆಯಿತು.

ಒಂದೊಂದು ಅರ್ಥಕ್ಕೆ ಒಂದೊಂದು ವಾಕ್ಯ ಕಲಿಯೋದು ನಿಧಾನ. ಆದರೆ ಪದ ಎಲ್ಲಿ ಕೂರುತ್ತದೆ ಅನ್ನೋದೂ ಗೊತ್ತಾಗುತ್ತದೆ. ‘ಟೇಕ್ ಆಫ್ ಯುವರ್ ಶೂಸ್’ ಸರಿ, ‘ಟೇಕ್ ಯುವರ್ ಶೂಸ್ ಆಫ್’ ಕೂಡ ಸರಿ. ‘ಯುವರ್ ಶೂಸ್’ ಬದಲು ‘ದೆಮ್’ ಬಂದರೆ ಮಾತ್ರ ‘ಟೇಕ್ ದೆಮ್ ಆಫ್’ ಅಂತಲೇ ಹೇಳಬೇಕು. ವಿಮಾನದ ‘ಟೇಕ್ ಆಫ್’ಗೆ ಈ ಗೊಡವೆಯೇ ಇಲ್ಲ, ನಡುವೆ ಕೂರಿಸೋಕೆ ಅಂಥ ಪದವೇ ಇರೋದಿಲ್ಲ. ಪಟ್ಟಿಯಲ್ಲಿ ಇದೆಲ್ಲ ಎಲ್ಲಿರುತ್ತೆ?

‘ಹರಟೆ ಹೊಡಿ’, ‘ನಿದ್ದೆ ಹೊಡಿ’ ನಾವು ಪಟ್ಟಿ ನೋಡಿ ಕಲಿತದ್ದಲ್ಲ, ಅಲ್ವಾ? ಮಾತಾಡೋಕೆ ಕಲಿಯುತ್ತಿದ್ದರೆ ವಾಕ್ಯದ ದಾರಿಯನ್ನೇ ಹಿಡಿಯಿರಿ. ದಿನಕ್ಕೆ ಎರಡೇ ಸಾಕು.