ಒಂದೇ ಬ್ಯಾಂಡ್ ಬಂತು ಅಂತ ಹಿಸ್ಟೋನ್ ಆಂಟಿಬಾಡಿ ನಂಬ್ಬೇಡಿ, ನನ್ನ ಎಂಟು ತಿಂಗಳು ಹಂಗೇ ಹೋಯ್ತು

ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿರೋ ಹುಡುಗಿ ಹೋದ ವಾರ ಒಂದು ಹಿಸ್ಟೋನ್ ಆಂಟಿಬಾಡಿಯ ಕೊಟೇಶನ್ ಹಿಡ್ಕೊಂಡು ಬಂದು "ಅಕ್ಕಾ, ಇದರಲ್ಲಿ ಚಿಪ್ ಗ್ರೇಡ್ ಅಂತ ಬರ್ದಿದಾರೆ, ವೆಸ್ಟರ್ನ್ ಫೋಟೋನೂ ಹಾಕಿದಾರೆ, ಒಂದೇ ಬ್ಯಾಂಡ್ ಇದೆ, ಆರ್ಡರ್ ಹಾಕ್ಬಿಡ್ಲಾ?" ಅಂತ ಕೇಳಿದ್ಲು. (ಆಂಟಿಬಾಡಿ ಅಂದ್ರೆ ಒಂದು ಗುರುತನ್ನ ಹುಡುಕಿ ಹಿಡಿಯೋ ಪ್ರೋಟೀನ್. ವೆಸ್ಟರ್ನ್ ಅಂದ್ರೆ ಪ್ರೋಟೀನುಗಳನ್ನ ಜೆಲ್ಲಲ್ಲಿ ಸೈಜಿನ ಪ್ರಕಾರ ಬೇರೆ ಮಾಡಿ ಆಂಟಿಬಾಡಿ ಯಾವುದನ್ನ ಹಿಡಿಯುತ್ತೆ ಅಂತ ನೋಡೋ ಟೆಸ್ಟ್, ಹಿಡಿದ ಕಡೆ ಬರೋ ಗೆರೆನೇ ಬ್ಯಾಂಡ್. ಚಿಪ್ ಅಂದ್ರೆ ಆಂಟಿಬಾಡಿಯಿಂದ ಗುರುತಿರೋ ಡಿಎನ್ಎ ತುಂಡುಗಳನ್ನ ಎತ್ತಿ, ಆ ಗುರುತು ಯಾವ ಜೀನ್ ಮೇಲಿದೆ ಅಂತ ನೋಡೋದು.) ಎರಡು ವರ್ಷದ ಹಿಂದೆ ನಾನು ನಮ್ಮ ಮೇಡಂಗೆ ಹೇಳಿದ ಮಾತೂ ಇದೇ. ಆ ಮಾತಿಗೆ ನನ್ನ ಎಂಟು ತಿಂಗಳು ಹೋಯ್ತು, ಲ್ಯಾಬಿನ ದುಡ್ಡು ಹೋಯ್ತು, ಕಾನ್ಫರೆನ್ಸಿಗೆ ಕಳಿಸಿದ್ದ ಅಬ್‌ಸ್ಟ್ರಾಕ್ಟ್ ವಾಪಸ್ ತಗೊಂಡಿದ್ದೂ ಆಯ್ತು. ಅವಳನ್ನ ಕೂರಿಸ್ಕೊಂಡು ಎಲ್ಲಾ ಹೇಳಿದೆ. ಆಮೇಲೆ ಅನ್ನಿಸ್ತು, ನಮ್ಮ ದಾವಣಗೆರೆ ಚಿತ್ರದುರ್ಗ ಕಡೆ ಸಣ್ಣ ಲ್ಯಾಬುಗಳಲ್ಲಿ ಇನ್ನೆಷ್ಟು ಜನ ಅದೇ ಥರ ಕ್ಯಾಟಲಾಗ್ ನೋಡಿ ಅದೇ ಥರ ಆರ್ಡರ್ ಹಾಕ್ತಿದಾರೋ ಅಂತ, ಅದಕ್ಕೇ ಬರೀತಿದೀನಿ. ಕಂಪನಿ ಹೆಸರು ಡೀಲರ್ ಹೆಸರು ಹಾಕಲ್ಲ, ಯಾಕಂದ್ರೆ ಯಾವ ಕಂಪನಿ ಬಾಟಲಿ ತಂದ್ರೂ ಈ ತೊಂದರೆ ಬರಬಹುದು.

ನನ್ನ ಕೆಲಸ ಮೆಕ್ಕೆಜೋಳದ ಮೇಲೆ. ನಮ್ಮ ದೊಡ್ಡಪ್ಪಂದು ಜಗಳೂರು ಕಡೆ ಹೊಲ, ಮಳೆ ಕೈಕೊಟ್ಟ ವರ್ಷ ಪೈರು ಮೊಣಕಾಲುದ್ದ ಬಂದು ಎಲೆ ಸುರುಳಿ ಸುತ್ಕೊಂಡು ಹಂಗೇ ನಿಂತುಬಿಡೋದನ್ನ ಚಿಕ್ಕಂದಿಂದ ನೋಡಿದೀನಿ. ಹಂಗೆ ನಿಂತ ಗಿಡದ ಎಲೆ ಒಳಗೆ ಯಾವ ಜೀನ್ ಬಾಯಿ ಮುಚ್ಕೊಳ್ಳುತ್ತೆ, ಯಾವುದು ತೆರ್ಕೊಳ್ಳುತ್ತೆ ಅನ್ನೋದೇ ನನ್ನ ಪ್ರಶ್ನೆ.

ಈ ಫೀಲ್ಡಲ್ಲಿ ಇಲ್ಲದವರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಡಿಎನ್ಎ ಅನ್ನೋ ಎಳೆ ಹಿಸ್ಟೋನ್ ಪ್ರೋಟೀನಿನ ಉಂಡೆಗಳಿಗೆ ಸುತ್ಕೊಂಡಿರುತ್ತೆ, ಒಂದೊಂದು ಉಂಡೆಗೆ ಸುಮಾರು 147 ಬೇಸ್ ಪೇರ್. ಆ ಉಂಡೆಯಿಂದ ಹೊರಗೆ ಚಾಚಿರೋ ಬಾಲದ ಮೇಲೆ ಜೀವಕೋಶ ಸಣ್ಣ ಸಣ್ಣ ಗುರುತು ಅಂಟಿಸುತ್ತೆ, ಮೀಥೈಲ್, ಅಸಿಟೈಲ್, ಫಾಸ್ಫೇಟ್ ಹಿಂಗೆ. ಎಚ್3 ಅನ್ನೋ ಹಿಸ್ಟೋನಿನ 4ನೇ ಲೈಸಿನ್ ಮೇಲೆ ಮೂರು ಮೀಥೈಲ್ ಇದ್ರೆ ಸಾಮಾನ್ಯವಾಗಿ ಅಲ್ಲಿ ಜೀನ್ ಕೆಲಸ ಮಾಡ್ತಿರುತ್ತೆ, 27ನೇದ್ರ ಮೇಲೆ ಮೂರಿದ್ರೆ ಆ ಜೀನ್ ಸುಮ್ಮನಿರುತ್ತೆ, 9ನೇದ್ರ ಮೇಲೆ ಎರಡಿದ್ರೆ ಗಿಡಗಳಲ್ಲಿ ಅದು ಟ್ರಾನ್ಸ್‌ಪೋಸಾನ್‌ಗಳನ್ನ ಕಟ್ಟಿಹಾಕಿರೋ ಗುರುತು (ಟ್ರಾನ್ಸ್‌ಪೋಸಾನ್ ಅಂದ್ರೆ ಜೀನೋಮಲ್ಲಿ ಜಾಗದಿಂದ ಜಾಗಕ್ಕೆ ಹಾರಬಲ್ಲ ಡಿಎನ್ಎ ತುಂಡು). ಲೈಸಿನ್‌ಗೆ ನಾವು ಕೆ ಅಂತೀವಿ, ಅದಕ್ಕೇ ಕೆ4, ಕೆ9, ಕೆ27. ಮೀಥೈಲ್ ಮೂರಿದ್ರೆ ಟ್ರೈ, ಎರಡಿದ್ರೆ ಡೈ. ನಮ್ಮಂಥ ಲ್ಯಾಬಲ್ಲಿ ಮಾಸ್ ಸ್ಪೆಕ್ (ಅಣುಗಳ ತೂಕ ಅಳೆಯೋ ಮಷೀನ್) ಎಲ್ಲಿಂದ ಬರಬೇಕು, ಈ ಗುರುತು ಹಿಡಿಯೋಕೆ ಇರೋದು ಆಂಟಿಬಾಡಿ ಒಂದೇ. ಗುರುತಿರೋ ಬಾಲದ ಒಂದು ತುಂಡನ್ನ ಪೆಪ್ಟೈಡ್ ಮಾಡಿ ಮೊಲಕ್ಕೆ ಚುಚ್ತಾರೆ, ಮೊಲದ ರಕ್ತದಿಂದ ಬಂದ ಆಂಟಿಬಾಡಿ ಶುದ್ಧ ಮಾಡಿ ಬಾಟಲಿಗೆ ತುಂಬಿ ಮಾರ್ತಾರೆ. ಇದು ಪಾಲಿಕ್ಲೋನಲ್. ಒಂದು ಮೊಲದ್ದು ಮುಗಿದ್ರೆ ಇನ್ನೊಂದು ಮೊಲ, ಕ್ಯಾಟಲಾಗ್ ನಂಬರ್ ಅದೇ ಇರುತ್ತೆ, ಲಾಟ್ ನಂಬರ್ ಮಾತ್ರ ಬದಲಾಗುತ್ತೆ. ಈ ಲಾಟ್ ನಂಬರನ್ನ ನಾನು ಒಂದು ದಿನವೂ ನೋಡಿರ್ಲಿಲ್ಲ.

ನಾನು ತಗೊಂಡಿದ್ದು ಕೆ27 ಟ್ರೈಮೀಥೈಲ್‌ದು. ಒಂದು ವಯಲ್‌ಗೆ 40 ಸಾವಿರದ ಮೇಲೆ. ಬಂದ ತಕ್ಷಣ ವೆಸ್ಟರ್ನ್ ಮಾಡಿದೆ, ಅದರಲ್ಲಿ ಸೋಮಾರಿತನ ಮಾಡಿಲ್ಲ. ಪಶು ಆಸ್ಪತ್ರೆಗಳಿಗೆ ಲಿಕ್ವಿಡ್ ನೈಟ್ರೋಜನ್ ಕೊಡೋರ ಹತ್ರ ಕ್ಯಾನಲ್ಲಿ ತಂದು ಎಲೆ ಅರೆದು, ನ್ಯೂಕ್ಲಿಯಸ್ ಬೇರೆ ಮಾಡಿ, ಆಸಿಡ್ ಹಾಕಿ ಹಿಸ್ಟೋನ್ ತೆಗೆದು, 15 ಪರ್ಸೆಂಟ್ ಜೆಲ್ ಓಡಿಸಿ, ಸಣ್ಣ ಪ್ರೋಟೀನ್ ಮೆಂಬ್ರೇನ್ ದಾಟಿ ಆಚೆ ಹೋಗ್ಬಾರ್ದು ಅಂತ 0.2 ಮೈಕ್ರಾನ್ ಮೆಂಬ್ರೇನೇ ಹಾಕಿದ್ದೆ. 17 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ರ, ಎಚ್3 ಕಾಣೋ ಜಾಗದಲ್ಲೇ, ಗೆರೆ ಎಳೆದಂಗೆ ಒಂದೇ ಬ್ಯಾಂಡ್. ಮೇಲೂ ಏನಿಲ್ಲ, ಕೆಳಗೂ ಏನಿಲ್ಲ. ಮೇಡಂಗೂ ಖುಷಿ, ನನಗೂ ಖುಷಿ, ಆ ಫಿಲ್ಮ್ ಸ್ಕ್ಯಾನ್ ಮಾಡಿ ಥೀಸಿಸ್ ಫೋಲ್ಡರಿಗೂ ಹಾಕ್ಬಿಟ್ಟೆ.

ನೀರು ಹಾಕಿ ಬೆಳೆಸಿದ ಗಿಡದ ಚಿಪ್ ಎಲ್ಲಾ ಡಿಸೆಂಬರಲ್ಲಿ ಮುಗೀತು, ವಯಲೂ ಹೆಚ್ಚುಕಮ್ಮಿ ಖಾಲಿ ಆಯ್ತು. ನೀರು ನಿಲ್ಲಿಸಿದ ಗಿಡದ ಸ್ಯಾಂಪಲ್ ಬಿಸಿಲುಗಾಲದಲ್ಲಿ, ಅದಕ್ಕೆ ಹೊಸ ವಯಲ್ ತರಿಸಿದ್ವಿ. ಡೀಲರ್ ಬೆಂಗಳೂರಿಂದ ಬಸ್ಸಲ್ಲಿ ಹಾಕಿ ಕಳಿಸಿದ್ರು. ಏಪ್ರಿಲ್ ತಿಂಗಳು, ದಾವಣಗೆರೆ ಬಿಸಿಲು ಗೊತ್ತಲ್ಲ, ನಾನು ಹೋಗಿ ಥರ್ಮೋಕೋಲ್ ಡಬ್ಬಿ ತಗೊಂಡಾಗ ಒಳಗಿನ ಜೆಲ್ ಪ್ಯಾಕ್ ಮೆತ್ತಗೆ ನೀರಾಗಿತ್ತು. ಹೆದರ್ಕೊಂಡು ಮತ್ತೆ ವೆಸ್ಟರ್ನ್ ಮಾಡಿದೆ, ಮತ್ತೆ ಅದೇ 17ರ ಹತ್ರ ಒಂದೇ ಬ್ಯಾಂಡ್, ಇನ್ನೂ ದಪ್ಪಗೆ. ಸದ್ಯ ಕೆಟ್ಟಿಲ್ಲ ಅಂದ್ಕೊಂಡು ಮುಂದಕ್ಕೆ ಹೋದೆ.

ರಿಸಲ್ಟ್ ನೋಡಿ ಆ ರಾತ್ರಿ ನಿದ್ದೆ ಬರ್ಲಿಲ್ಲ. ಎಲೆಯಲ್ಲಿ ಸುಮ್ಮನಿರಬೇಕಾದ ನಾಟೆಡ್1 ಜೀನ್ ಮೇಲೆ ಕೆ27 ಸಿಗ್ನಲ್ ಇತ್ತು, ಅದು ಇರಬೇಕಾದದ್ದೇ. ಆದ್ರೆ ಬರದ ಗಿಡದಲ್ಲಿ ರೆಟ್ರೋಟ್ರಾನ್ಸ್‌ಪೋಸಾನ್‌ಗಳ ಮೇಲೂ ಕೆ27 ಟ್ರೈಮೀಥೈಲ್ ರಾಶಿ ರಾಶಿ, ನೀರು ಹಾಕಿದ ಗಿಡದಲ್ಲಿ ಅಲ್ಲಿ ಏನೂ ಇಲ್ಲ! ಮೆಕ್ಕೆಜೋಳದ ಜೀನೋಮಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಭಾಗ ಟ್ರಾನ್ಸ್‌ಪೋಸಾನೇ, ಅದರ ಮೇಲೆ ಇರಬೇಕಾದದ್ದು ಕೆ9 ಡೈಮೀಥೈಲ್. ಬರ ಬಂದಾಗ ಗಿಡ ಎರಡನೇ ಬೀಗ ಹಾಕ್ತಿದೆ, ಇದು ಯಾರೂ ನೋಡಿಲ್ದೆ ಇರೋದು ಅಂತ ನಾನೇ ಕಥೆ ಕಟ್ಕೊಂಡೆ. ಮೂರು ಸಲ ಮಾಡಿದ್ರೂ ಅದೇ ಬಂತು. ಅಬ್‌ಸ್ಟ್ರಾಕ್ಟ್ ಬರೆದು ಕಳಿಸಿದ್ವಿ.

ಬೆಂಗಳೂರಲ್ಲಿ ಪೋಸ್ಟ್‌ಡಾಕ್ ಮಾಡ್ತಿರೋ ನಮ್ಮ ಸೀನಿಯರ್ ಒಬ್ರಿಗೆ ಫೋನಲ್ಲಿ ಇದನ್ನೆಲ್ಲಾ ಹೇಳ್ದಾಗ ಅವರು ಶಭಾಷ್ ಅನ್ಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು "ಕೆ9 ಪೆಪ್ಟೈಡ್ ಮೇಲೆ ಟೆಸ್ಟ್ ಮಾಡಿದೀಯೇನಮ್ಮಾ?" ಅಂತ ಕೇಳಿದ್ರು. ಇಲ್ಲ ಸರ್, ವೆಸ್ಟರ್ನಲ್ಲಿ ಒಂದೇ ಬ್ಯಾಂಡ್ ಬಂದಿದೆ ಅಂದೆ. "ಕೆ9 ಇರೋದೂ ಅದೇ ಎಚ್3 ಮೇಲೆ ಅಲ್ವಾ?" ಅಂದ್ರು.

ದಯವಿಟ್ಟು ಈ ಮಾತನ್ನ ಎರಡು ಸಲ ಓದಿ, ನನ್ನ ಎಂಟು ತಿಂಗಳು ಮುಳುಗಿದ್ದು ಇಲ್ಲೇ. ಬೇರೆ ಪ್ರೋಟೀನ್ ಆದ್ರೆ ತಪ್ಪು ಪ್ರೋಟೀನ್ ಹಿಡಿದ್ರೆ ಬ್ಯಾಂಡ್ ಬೇರೆ ಸೈಜಲ್ಲಿ ಬರುತ್ತೆ, ಕಣ್ಣಿಗೆ ಕಾಣುತ್ತೆ. ಹಿಸ್ಟೋನಲ್ಲಿ ಕೆ4, ಕೆ9, ಕೆ27, ಕೆ36 ಎಲ್ಲಾ ಗುರುತೂ ಒಂದೇ ಎಚ್3 ಮೇಲೆ, ಮೀಥೈಲ್ ತೂಕ ಜೆಲ್ಲಿಗೆ ಗೊತ್ತೇ ಆಗಲ್ಲ, ಹಂಗಾಗಿ ಆಂಟಿಬಾಡಿ ಸರಿಯಾದ ಗುರುತು ಹಿಡಿದ್ರೂ ತಪ್ಪು ಗುರುತು ಹಿಡಿದ್ರೂ ಅದೇ 17ರ ಹತ್ರ ಅದೇ ಒಂದು ಬ್ಯಾಂಡ್. ಅದರ ಮೇಲೆ ಕೆ9 ಮತ್ತು ಕೆ27ರ ಅಕ್ಕಪಕ್ಕದ ಅಮೈನೋ ಆಸಿಡ್ ನೋಡಿ, ಎರಡು ಕಡೆನೂ ಅಲನಿನ್, ಆರ್ಜಿನಿನ್, ಲೈಸಿನ್, ಸೆರಿನ್, ಅದೇ ನಾಲ್ಕು, ಅದೇ ಸಾಲು. ಅವಳಿ ಮಕ್ಕಳ ಥರ. ಆಂಟಿಬಾಡಿ ಈ ನಾಲ್ಕನ್ನಷ್ಟೇ ನೋಡಿದ್ರೆ ಅದಕ್ಕೆ 9 ಯಾವುದು 27 ಯಾವುದು ಹೆಂಗೆ ಗೊತ್ತಾಗ್ಬೇಕು?

ಸೀನಿಯರ್ ತಮ್ಮ ಲ್ಯಾಬಿಂದ ಪೆಪ್ಟೈಡ್ ಕೊಡಿಸಿದ್ರು. ಗುರುತಿಲ್ಲದ್ದು, ಕೆ4 ಟ್ರೈ, ಕೆ9 ಡೈ, ಕೆ9 ಟ್ರೈ, ಕೆ27 ಡೈ, ಕೆ27 ಟ್ರೈ. ಮೆಂಬ್ರೇನ್ ಮೇಲೆ ಪೆನ್ಸಿಲಲ್ಲಿ ಚೌಕ ಹಾಕಿ ಒಂದೊಂದು ಮೈಕ್ರೋಲೀಟರ್ ಚುಕ್ಕೆ ಇಟ್ಟೆ, ಪ್ರತಿಯೊಂದಕ್ಕೂ ಹತ್ತು ಹತ್ತು ಪಟ್ಟು ತೆಳು ಮಾಡಿ ಮೂರು ಚುಕ್ಕೆ. ಇದಕ್ಕೇ ಡಾಟ್ ಬ್ಲಾಟ್ ಅಂತಾರೆ. ಪುಣ್ಯಕ್ಕೆ ಹಳೇ ವಯಲಿಂದ ಒಂದು ಸಣ್ಣ ಟ್ಯೂಬಲ್ಲಿ ಸ್ವಲ್ಪ ಫ್ರೀಜರಲ್ಲಿ ಉಳಿದಿತ್ತು, ಎರಡು ಮೆಂಬ್ರೇನ್ ಮಾಡಿ ಒಂದಕ್ಕೆ ಹಳೇ ಲಾಟ್, ಇನ್ನೊಂದಕ್ಕೆ ಹೊಸ ಲಾಟ್. ಡಾರ್ಕ್‌ರೂಮಲ್ಲಿ ಕೆಂಪು ದೀಪದ ಕೆಳಗೆ ಡೆವಲಪರಲ್ಲಿ ಫಿಲ್ಮ್ ಅಲ್ಲಾಡಿಸ್ತಿದ್ದೆ. ಹಳೇದ್ರಲ್ಲಿ ಕೆ27 ಟ್ರೈ ಕಪ್ಪಗೆ ಎದ್ದು ಬಂತು, ಕೆ27 ಡೈ ಮಸುಕಾಗಿ, ಕೆ9 ಕಡೆ ಇದೆಯೋ ಇಲ್ಲವೋ ಅನ್ನೋ ಅಷ್ಟು. ಹೊಸದ್ರಲ್ಲಿ ಮೊದಲು ಕೆ27 ಬಂತು, ಹಿಂದೇನೇ ಕೆ9 ಡೈ ಚುಕ್ಕೆನೂ ನಿಧಾನಕ್ಕೆ ತುಂಬ್ಕೊಂಡು ಬಂತು, ಕೆ27ರ ಅರ್ಧದಷ್ಟು ಕಪ್ಪು. ಫಿಕ್ಸರಿಗೆ ಹಾಕೋದನ್ನೂ ಮರೆತು ಅದನ್ನೇ ನೋಡ್ತಾ ನಿಂತಿದ್ದೆ.

ಅರ್ಧ ತಾನೇ ಅಂತ ಅನ್ನಿಸ್ಬಹುದು. ಪೆಪ್ಟೈಡ್ ಚುಕ್ಕೆಗಳಲ್ಲಿ ಎಲ್ಲಾ ಒಂದೇ ಅಳತೆ ಇಟ್ಟಿರ್ತೀವಿ, ಗಿಡದೊಳಗೆ ಹಂಗಿರಲ್ಲ. ಮೆಕ್ಕೆಜೋಳದ ಟ್ರಾನ್ಸ್‌ಪೋಸಾನ್‌ಗಳ ಮೇಲೆ ಕೆ9 ಡೈ ತುಂಬಿ ತುಳುಕ್ತಿರುತ್ತೆ, ಅಲ್ಲಿ ಕೆ27 ಟ್ರೈ ತೀರಾ ಕಮ್ಮಿ. ಆಂಟಿಬಾಡಿ ಅಲ್ಪಸ್ವಲ್ಪ ತಪ್ಪು ಮಾಡಿದ್ರೂ ಸಿಗ್ನಲ್ ಪೂರಾ ತಪ್ಪಿಂದೇ ಆಗಿರುತ್ತೆ. ನಾನು ನೀರು ಹಾಕಿದ ಗಿಡಕ್ಕೆ ಒಂದು ಲಾಟ್, ಬರದ ಗಿಡಕ್ಕೆ ಇನ್ನೊಂದು ಲಾಟ್ ಹಾಕಿ ಎರಡನ್ನ ಹೋಲಿಸಿದ್ದೆ. ನಾನು ಕಂಡುಹಿಡಿದಿದ್ದು ಬರದ ಪರಿಣಾಮ ಅಲ್ಲ, ಎರಡು ಮೊಲಗಳ ವ್ಯತ್ಯಾಸ. ಮೊದಲು ಬಸ್ಸಿನ ಬಿಸಿಲಿಗೆ ಹಿಂಗಾಯ್ತೇನೋ ಅಂದ್ಕೊಂಡಿದ್ದೆ, ಆದ್ರೆ ಬಿಸಿಗೆ ಕೆಟ್ಟ ಆಂಟಿಬಾಡಿ ಸಾಮಾನ್ಯವಾಗಿ ಸಿಗ್ನಲ್ ಕಮ್ಮಿ ಕೊಡುತ್ತೆ, ಹಿಂಗೆ ಒಂದು ಹೊಸ ಗುರುತನ್ನ ಅಚ್ಚುಕಟ್ಟಾಗಿ ಹಿಡಿಯೋಕೆ ಶುರು ಮಾಡಲ್ಲ.

ಡೀಲರಿಗೆ ಫಿಲ್ಮ್ ಫೋಟೋ ಕಳಿಸ್ದೆ. "ಮೇಡಂ ಸೀಲ್ ಓಪನ್ ಆಗಿದೆ, ರಿಟರ್ನ್ ಆಗಲ್ಲ" ಅಂದ್ರು. ಕಂಪನಿಗೆ ಮೇಲ್ ಹಾಕಿದ್ರೆ ನಾನು ಆಗಲೇ ನೋಡಿದ್ದ ಡೇಟಾಶೀಟನ್ನೇ ವಾಪಸ್ ಕಳಿಸಿದ್ರು, ಅದರಲ್ಲಿದ್ದ ಟೆಸ್ಟ್ ಫೋಟೋ ಬೇರೆ ಯಾವುದೋ ಲಾಟಿಂದು. ಈ ಲಾಟಿನ ಪೆಪ್ಟೈಡ್ ಟೆಸ್ಟ್ ಕೊಡಿ ಅಂತ ಮೂರು ಸಲ ಕೇಳಿದೆ, ಉತ್ತರ ಬರ್ಲಿಲ್ಲ. ಮೇಡಂ ಒಂದು ಮಾತೂ ಬೈಲಿಲ್ಲ, ಅಬ್‌ಸ್ಟ್ರಾಕ್ಟ್ ವಾಪಸ್ ತಗೊಳ್ಳೋ ಮೇಲ್ ಅವರೇ ಬರೆದ್ರು, ನನಗೆ ಅದೇ ಜಾಸ್ತಿ ನೋವಾಗಿದ್ದು.

ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು ಇದು ಹಳೇ ರೋಗ. 2011ರಲ್ಲೇ ಒಂದು ದೊಡ್ಡ ಗುಂಪು 57 ಥರದ ಹಿಸ್ಟೋನ್ ಗುರುತುಗಳ 200ಕ್ಕೂ ಹೆಚ್ಚು ಆಂಟಿಬಾಡಿಗಳನ್ನ ನೊಣ, ಹುಳ, ಮನುಷ್ಯರ ಜೀವಕೋಶಗಳಲ್ಲಿ ಟೆಸ್ಟ್ ಮಾಡಿತ್ತು. ಬಹಳಷ್ಟು ಚೆನ್ನಾಗೇ ಇದ್ವು, ಆದ್ರೆ ನೂರಕ್ಕೆ 25ಕ್ಕಿಂತ ಜಾಸ್ತಿ ಡಾಟ್ ಬ್ಲಾಟಲ್ಲೋ ವೆಸ್ಟರ್ನಲ್ಲೋ ಫೇಲ್, ಪಾಸಾದವುಗಳಲ್ಲೂ ನೂರಕ್ಕೆ 20ಕ್ಕಿಂತ ಜಾಸ್ತಿ ಚಿಪ್ಪಲ್ಲಿ ಕೈಕೊಟ್ವು. ಅಂದ್ರೆ ಡಾಟ್ ಬ್ಲಾಟ್ ಪಾಸಾದ್ರೆ ಎಲ್ಲಾ ಮುಗೀತು ಅಂತಲೂ ಅಲ್ಲ. ಇದು ನನಗೆ ಆರ್ಡರ್ ಹಾಕೋ ಮೊದಲು ಯಾರಾದ್ರೂ ಹೇಳಿದ್ರೆ ಅಂತ ಈಗಲೂ ಹೊಟ್ಟೆ ಉರಿಯುತ್ತೆ.

ಈಗ ನಾವು ಮಾಡೋದು ಹಿಂಗೆ. ಆರ್ಡರಿಗೆ ಮೊದಲೇ ಡೀಲರಿಗೆ ಲಾಟ್ ನಂಬರ್ ಕೇಳಿ ಆ ಲಾಟಿನದೇ ಪೆಪ್ಟೈಡ್ ಟೆಸ್ಟ್ ಕೇಳ್ತೀವಿ, ಕೊಡಲ್ಲ ಅಂದ್ರೆ ತಗೊಳ್ಳಲ್ಲ. ಆದಷ್ಟು ರೀಕಾಂಬಿನೆಂಟ್ ಮೊನೋಕ್ಲೋನಲ್ (ಲ್ಯಾಬಲ್ಲಿ ಬೆಳೆಸಿದ ಜೀವಕೋಶದಿಂದ ತಯಾರಾದ ಒಂದೇ ಥರದ ಆಂಟಿಬಾಡಿ) ತಗೊಳ್ತೀವಿ, ಅದು ಮೊಲದಿಂದ ಮೊಲಕ್ಕೆ ಬದಲಾಗಲ್ಲ, ಆದ್ರೆ ಅದನ್ನೂ ಟೆಸ್ಟ್ ಮಾಡ್ದೆ ಬಿಡಲ್ಲ, ಯಾಕಂದ್ರೆ ತಪ್ಪು ಹಿಡಿಯೋದಾದ್ರೆ ಅದು ಪ್ರತಿ ಸಲವೂ ಅದೇ ತಪ್ಪು ಹಿಡಿಯುತ್ತೆ. ವಯಲ್ ಬಂದ ದಿನವೇ ಸಣ್ಣ ಟ್ಯೂಬುಗಳಿಗೆ ಹಂಚಿ ಇಡ್ತೀವಿ. ಸ್ಯಾಂಪಲ್ ಮುಟ್ಟೋ ಮೊದಲು ಡಾಟ್ ಬ್ಲಾಟ್, ಹೋಲಿಸೋ ಎರಡು ಕಡೆಗೂ ಒಂದೇ ಲಾಟ್, ಚಿಪ್ಪಲ್ಲಿ ಸಿಗ್ನಲ್ ಬರಲೇಬಾರದ ಒಂದು ಜಾಗ, ಜೊತೆಗೆ ಟೋಟಲ್ ಎಚ್3 (ಗುರುತು ಇರ್ಲಿ ಬಿಡ್ಲಿ ಎಲ್ಲಾ ಎಚ್3 ಹಿಡಿಯೋ ಆಂಟಿಬಾಡಿ). ಇನ್ನೊಂದು, 27ರ ಪಕ್ಕದ 28ನೇ ಸೆರಿನ್ ಮೇಲೆ ಫಾಸ್ಫೇಟ್ ಬಂದ್ರೆ ಕೆ27 ಗುರುತು ಅಲ್ಲೇ ಇದ್ರೂ ಆಂಟಿಬಾಡಿಗೆ ಕೂರೋಕೆ ಜಾಗ ಸಿಗದೆ ಹೋಗಬಹುದು, 9ರ ಪಕ್ಕದ 10ನೇ ಸೆರಿನ್‌ದೂ ಅದೇ ಕಥೆ. ಸಿಗ್ನಲ್ ಕಮ್ಮಿ ಆಯ್ತು ಅಂದ ತಕ್ಷಣ ಗುರುತು ಕಮ್ಮಿ ಆಯ್ತು ಅಂತ ಬರೀಬೇಡಿ.

ಸ್ಯಾಂಪಲ್ ಎಲ್ಲಾ ಮತ್ತೆ ಬೆಳೆಸಿ, ಟೆಸ್ಟ್ ಮಾಡಿದ ಒಂದೇ ಲಾಟಲ್ಲಿ ಚಿಪ್ ಮಾಡಿದೆ. ನಾಟೆಡ್1 ಮೇಲೆ ಕೆ27 ಹಂಗೇ ಇದೆ. ಟ್ರಾನ್ಸ್‌ಪೋಸಾನ್ ಮೇಲಿನ ಆ ರಾಶಿ ಇಲ್ಲ, ಬರದ ಗಿಡದಲ್ಲೂ ಇಲ್ಲ, ನೀರು ಹಾಕಿದ ಗಿಡದಲ್ಲೂ ಇಲ್ಲ.

ಹೊಸ ಹುಡುಗಿ ಇನ್ನೂ ಆರ್ಡರ್ ಹಾಕಿಲ್ಲ, ಡೀಲರಿಂದ ಲಾಟ್ ನಂಬರ್ ಬರಲಿ ಅಂತ ಕಾಯ್ತಿದಾಳೆ. ಪೆಪ್ಟೈಡ್ ನನ್ನ ಹತ್ರ ಇನ್ನೂ ಇದೆ, ಒಂದು ಡಾಟ್ ಬ್ಲಾಟಿಗೆ ಬೇಕಾಗೋದು ಹನಿಯಲ್ಲಿ ಹನಿ. ದಾವಣಗೆರೆ, ಚಿತ್ರದುರ್ಗ, ಹರಿಹರ ಕಡೆ ಯಾರಾದ್ರೂ ಕೆ4, ಕೆ9, ಕೆ27 ಆಂಟಿಬಾಡಿ ತಗೊಂಡಿದ್ರೆ ಸ್ಯಾಂಪಲ್ ಮುಟ್ಟೋ ಮೊದಲು ಮೆಸೇಜ್ ಹಾಕಿ, ನಿಮ್ಮ ಆಂಟಿಬಾಡಿ ಐಸಲ್ಲಿ ಇಟ್ಕೊಂಡು ಬನ್ನಿ, ಚುಕ್ಕೆ ಇಟ್ಟಿರೋ ಮೆಂಬ್ರೇನ್ ನಾನು ಕೊಡ್ತೀನಿ.